ಬಲಗಡೆ ಹಿಂದಿನ ಚಕ್ರ

ಭಾನುವಾರ, 9 ಫೆಬ್ರವರಿ 2025
ನಿಗಡಿ, ಪುಣೆ

ರಾತ್ರಿ ಹತ್ತೂವರೆ. ಉಗುರಿನ ಸಂದಿಯ ಗ್ರೀಸ್ ಇನ್ನೂ ಹೋಗಿಲ್ಲ, ಆದರೂ ಮಲಗುವ ಮೊದಲು ಬರೆದುಬಿಡುತ್ತೇನೆ.

ಹೋದ ತಿಂಗಳು ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನನ್ನ ಪೋಲೋ ಕಾರು ಎರಡು ಸಲ ಗಿರಕಿ ಹೊಡೆಯಿತು. ಎರಡೂ ಸಲ ಎಡ ತಿರುವಿನಲ್ಲೇ. ಬಲಕ್ಕೆ ತಿರುಗುವಾಗ ಹಿಂಭಾಗ ಗಟ್ಟಿಯಾಗಿ ಕೂತಿರುತ್ತದೆ, ಎಡಕ್ಕೆ ತಿರುಗಿಸಿ ಆಕ್ಸಿಲರೇಟರ್ ಚೂರು ಬಿಟ್ಟರೆ ಸಾಕು, ಬಾಲ ಹೊರಗೆ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಹೋಗಿ, 2.1 ಕಿಲೋಮೀಟರಿನ ಟ್ರ್ಯಾಕಿನಲ್ಲಿ ಹೀಗಾದರೆ ಹೊಟ್ಟೆ ಉರಿಯುತ್ತದೆ. ಗೆಳೆಯರು ನಿನ್ನ ಡ್ರೈವಿಂಗೇ ತಪ್ಪು ಅಂದರು. ನಾನೂ ಹಾಗೇ ಅಂದುಕೊಂಡು ಹದಿನೈದು ದಿನ ಕೊರಗಿದೆ.

ಟ್ರ್ಯಾಕಿಗೆ ಹೋಗುವ ಮುಂಚೆ ಚಕ್ರದ ಕೋನ ಸರಿಮಾಡುವ ಇಲ್ಲಿನ ಒಂದು ಅಲೈನ್‌ಮೆಂಟ್ ಅಂಗಡಿಗೆ ಹೋಗಿದ್ದೆ. ಮುಂದಿನ ಎರಡು ಚಕ್ರ ಸರಿಮಾಡಿದರು. ಹಿಂದಿನದು? ಅದಕ್ಕೆ ಅಡ್ಜಸ್ಟ್‌ಮೆಂಟೇ ಇಲ್ಲ ಅಂದರು. ಅದು ನಿಜ. ಪೋಲೋಗೆ ಹಿಂದೆ ಇರುವುದು ಟ್ವಿಸ್ಟ್ ಬೀಮ್, ಎರಡೂ ಚಕ್ರಕ್ಕೆ ಒಂದೇ ತೊಲೆ, ತಿರುಗಿಸೋಕೆ ಯಾವ ನಟ್ಟೂ ಇಲ್ಲ. ಆದರೆ ತಿರುಗಿಸಲು ಬರಲ್ಲ ಅಂತ ಅಳೆಯದೇ ಬಿಡುವುದು ಸರಿ ಅಲ್ಲ ಅಲ್ವಾ?

ಕಳೆದ ಭಾನುವಾರ ಹಿಂದಿನ ಚಕ್ರಗಳು ಎಷ್ಟು ವಾಲಿವೆ ಅಂತ ನಾನೇ ಅಳೆದೆ. ಮೊದಲು ಪಾರ್ಕಿಂಗ್ ನೆಲ. ಗಾರೆ ಕೆಲಸದವರ ಹಾಗೆ ಪಾರದರ್ಶಕ ಪೈಪಿಗೆ ನೀರು ತುಂಬಿ ನೋಡಿದರೆ ಬಲ ಚಕ್ರದ ಜಾಗ 4 ಮಿಲಿಮೀಟರ್ ತಗ್ಗು. ಅಷ್ಟಕ್ಕೇ ವಾಲಿನ ಅಳತೆ ಸುಮಾರು 0.15 ಡಿಗ್ರಿ ತಪ್ಪುತ್ತದೆ. ಹಳೇ ಟೈಲ್ ಇಟ್ಟು ಸರಿಮಾಡಿದೆ. ಡ್ರೈವರ್ ಸೀಟಿಗೆ 25 ಕಿಲೋದ ಮೂರು ಅಕ್ಕಿ ಮೂಟೆ, ಅಂದರೆ ನಾನು. ಟೈರಿನ ಗಾಳಿ ಸಮ ಮಾಡಿ, ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ ಸಸ್ಪೆನ್ಶನ್ ಕೂರಿಸಿದೆ. ಆಮೇಲೆ ದಾರಕ್ಕೆ ನಟ್ ಕಟ್ಟಿ ಚಕ್ರದ ಪಕ್ಕ ಇಳಿಬಿಟ್ಟೆ, ದಾರದಿಂದ ರಿಮ್ಮಿನ ಮೇಲಂಚು ಎಷ್ಟು ದೂರ, ಕೆಳಂಚು ಎಷ್ಟು ದೂರ ಅಂತ ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿದೆ. ನನ್ನ 15 ಇಂಚಿನ ರಿಮ್ಮಿನಲ್ಲಿ ಅಂಚಿಂದ ಅಂಚಿಗೆ 40 ಸೆಂಟಿಮೀಟರ್, ಹಾಗಾಗಿ ಒಂದು ಡಿಗ್ರಿಗೆ 7 ಮಿಲಿಮೀಟರ್ ವ್ಯತ್ಯಾಸ.

ಎಡಗಡೆ 10.5 ಮಿಲಿಮೀಟರ್ ಬಂತು. ಅಂದರೆ ನೆಗೆಟಿವ್ 1.5 ಡಿಗ್ರಿ, ಚಕ್ರದ ತಲೆ ಒಳಗೆ ವಾಲಿದೆ. ಬಲಗಡೆ ಬರೀ 6.3, ಅಂದರೆ 0.9 ಡಿಗ್ರಿ. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ. ಉದ್ದಕ್ಕೆ ದಾರ ಕಟ್ಟಿ ಟೋ, ಅಂದರೆ ಚಕ್ರದ ಮುಂದಂಚು ಒಳಗೋ ಹೊರಗೋ ಅಂತ ನೋಡಿದರೆ ಬಲ ಚಕ್ರ 0.2 ಡಿಗ್ರಿ ಹೊರಗೆ ಮುಖ ಮಾಡಿತ್ತು.

ಆಗ ನನ್ನ ಮೈ ಜುಮ್ಮೆಂದಿತು. ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲ ಚಕ್ರದ ಮೇಲೆ. ಬಾಡಿ ಹೊರಗೆ ವಾಲುತ್ತದೆ, ಟೈರೂ ಅದರ ಜೊತೆ ಹೊರ ಅಂಚಿನ ಮೇಲೆ ಹೊರಳುತ್ತದೆ. ಮೊದಲೇ ಒಳಗೆ ವಾಲಿಸಿಟ್ಟಿದ್ದರೆ ಆಗ ಅದು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ನನ್ನದಕ್ಕೆ ಆ ವಾಲು ಕಡಿಮೆ, ಸಾಲದ್ದಕ್ಕೆ ಮೂತಿಯೂ ಹೊರಗೆ. ಜಾರದೆ ಇನ್ನೇನು ಮಾಡುತ್ತದೆ!

ದಾರಿ ಒಂದಿದೆ. ಚಕ್ರ ಕೂರುವ ಗಿಡ್ಡ ಅಚ್ಚು, ಅಂದರೆ ಸ್ಟಬ್ ಆಕ್ಸಲ್, ಬೀಮಿಗೆ ನಾಲ್ಕು ಬೋಲ್ಟಿನಲ್ಲಿ ಕೂರುತ್ತದೆ, ನಡುವೆ ಇಳಿಜಾರಾಗಿ ಕೊರೆದ ಶಿಮ್, ಅಂದರೆ ತೆಳು ಲೋಹದ ತುಂಡು, ಹಾಕಬೇಕು. ಭೋಸರಿಯಲ್ಲಿ ಮಿಲ್ಲಿಂಗ್ ಮಾಡುವ ಕಾಕಾ ಒಬ್ಬರಿದ್ದಾರೆ, ಸಂಕೇಶ್ವರದ ಕಡೆಯವರು. ಕೆಳಗಿನ ಬೋಲ್ಟಿಗೆ ಸುಮ್ನೆ ಎರಡು ವಾಷರ್ ಹಾಕಿದರೆ ನಡೆಯಲ್ವಾ ಕಾಕಾ ಅಂತ ಕೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು. “ತಮ್ಮಾ, ನಡುವ ಸಂದಿ ಉಳೀತದ. ಭಾರ ಎಲ್ಲಾ ಬೋಲ್ಟಿನ ಮ್ಯಾಲೆ ಬೀಳ್ತದ. ಹಂತಾ ಕೆಲಸ ನಾ ಮಾಡಂಗಿಲ್ಲ.” ಅವರು ಹೇಳಿದ್ದೇ ಸರಿ, ಮುಖಕ್ಕೆ ಮುಖ ಪೂರ್ತಿ ಅಂಟಬೇಕು.

ಬೋಲ್ಟುಗಳ ನಡುವೆ ಅಡ್ಡಕ್ಕೂ ಉದ್ದಕ್ಕೂ 80 ಮಿಲಿಮೀಟರ್ ಇಟ್ಟು ಲೆಕ್ಕ ಹಾಕಿದೆವು. 0.6 ಡಿಗ್ರಿ ಕ್ಯಾಂಬರಿಗೆ, ಅಂದರೆ ವಾಲಿಗೆ, ಕೆಳಗಡೆ 0.84 ಮಿಲಿಮೀಟರ್ ದಪ್ಪ ಜಾಸ್ತಿ; 0.2 ಹೊರಗಿದ್ದ ಟೋವನ್ನು 0.1 ಒಳಗೆ ತರಲು, ಅಂದರೆ 0.3 ಡಿಗ್ರಿಗೆ, ಹಿಂದುಗಡೆ 0.42 ಜಾಸ್ತಿ. ಮೇಲೆ ಮುಂದಿನ ಮೂಲೆ 1 ಮಿಲಿಮೀಟರ್, ಕೆಳಗೆ ಹಿಂದಿನ ಮೂಲೆ 2.26. ಆ ತುಂಡು ಕೈಯಲ್ಲಿ ಹಿಡಿದರೆ ಎಲ್ಲ ಕಡೆ ಒಂದೇ ದಪ್ಪ ಅನಿಸುತ್ತದೆ, ಹೆಬ್ಬೆರಳು ಜಾರಿಸಿದಾಗಲೇ ಇಳಿಜಾರು ಗೊತ್ತಾಗುವುದು. ಶುಕ್ರವಾರ ಸಂಜೆ ಕೊಟ್ಟರು, ದುಡ್ಡು ಎಷ್ಟು ಒತ್ತಾಯ ಮಾಡಿದರೂ ಅರ್ಧವೇ ತಗೊಂಡರು.

ಇವತ್ತು ಬೆಳಿಗ್ಗೆಯಿಂದ ಅದೇ ಕೆಲಸ. ಬ್ರೇಕ್ ಡ್ರಮ್ ಬಿಚ್ಚಿ, ಬೀಮಿನ ಮುಖದ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಪೂರ್ತಿ ತೆಗೆದೆ. ತುಕ್ಕಿನ ಒಂದು ಪದರ ಉಳಿದರೂ ಕಾಕಾ ಕೊರೆದಿದ್ದೆಲ್ಲ ಹಾಳು. ಬೋಲ್ಟು ನಾಲ್ಕೂ ಹೊಸವು, ಶಿಮ್ಮಿನ ದಪ್ಪಕ್ಕೆ ತಕ್ಕ ಉದ್ದದವು.

ಎರಡೂ ಕಡೆ 2 ಡಿಗ್ರಿ ಮಾಡೋಣ, ಹಿಂದೆ ಇನ್ನೂ ಹಿಡಿತ ಸಿಗಲಿ ಅಂತ ಒಬ್ಬ ಗೆಳೆಯ ಫೋನಿನಲ್ಲಿ ಹೇಳಿದ. ನಾನು ಒಪ್ಪಲಿಲ್ಲ. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಹಿಂದೆ ಹಿಡಿತ ವಿಪರೀತವಾದರೆ ಮೂತಿ ತಿರುಗುವುದಿಲ್ಲ, ನೇರ ಹೋಗುತ್ತದೆ. ಮೊದಲು ಎರಡೂ ಕಡೆ ಒಂದೇ ಆಗಲಿ.

ಕತ್ತಲಾಗುವ ಹೊತ್ತಿಗೆ ಮತ್ತೆ ಅದೇ ಟೈಲ್, ಅದೇ ಅಕ್ಕಿ ಮೂಟೆ, ಅದೇ ದಾರ. ಎಡ 10.5, ಬಲ 10.3. ಟೋ ಒಳಗೆ 0.1. ಮನೆಯವಳು ಟಾರ್ಚ್ ಹಿಡಿದಿದ್ದಳು, ವರ್ನಿಯರ್ ಅವಳೇ ಓದಿದಳು.

ಬೋಲ್ಟಿನ ತಲೆಗೆ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ, ಸಡಿಲವಾದರೆ ಕಾಣಲಿ ಅಂತ. ನಾಳೆ ಆಫೀಸಿಗೆ ಇದೇ ಗಾಡಿಯಲ್ಲಿ ಹೋಗಿ, ಬಂದ ಮೇಲೆ ಚಕ್ರ, ಡ್ರಮ್ ಬಿಚ್ಚಿ ಗೆರೆ ನೋಡುತ್ತೇನೆ. ಅಕ್ಕಿ ಮೂಟೆ ಇನ್ನೂ ಸೀಟಿನಲ್ಲೇ ಇವೆ.