ಮಾತಿಲ್ಲದ ಪಾತ್ರ

ಕಾಲೇಜು ನಾಟಕದಲ್ಲಿ ನನಗೆ ಸಿಕ್ಕಿದ್ದು ಕಾವಲುಗಾರನ ಪಾತ್ರ. ಒಂದು ಮಾತೂ ಇಲ್ಲ. ಕೈಯಲ್ಲಿ ಬಿದಿರಿನ ಈಟಿ, ತುದಿಗೆ ಬೇಗಡೆ ಸುತ್ತಿದ ರಟ್ಟು. ಕಲಿಸಲು ಬಂದವರು ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಮುಗಿಸಿದ್ದರು. ನಮಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೆ. ಮೊದಲ ಹದಿನೈದು ದಿನ ಡೈಲಾಗ್ ಮುಟ್ಟಲೇ ಇಲ್ಲ. ನಡೆಯಿರಿ, ನಿಲ್ಲಿ, ಉಸಿರು ಬಿಡಿ. ಇದೆಂತ ನಾಟಕವೋ ಡ್ರಿಲ್ ಕ್ಲಾಸೋ ಅಂತ ಗೊಣಗಿದ್ದೆವು.

ಪ್ರದರ್ಶನದ ದಿನ, ರಾಜ ಅಳುವ ದೃಶ್ಯ. ಮೂರನೇ ಸಾಲಿನಲ್ಲಿ ನಮ್ಮ ಹಾಸ್ಟೆಲ್ ಹುಡುಗರು ಕಂಡರು. ನಾನು ಹಲ್ಲು ಕಿರಿದೆ. ಈಟಿ ವಾಲಿತು, ರಟ್ಟು ಕಳಚಿ ರಾಜನ ಕಾಲಬುಡಕ್ಕೆ ಬಿತ್ತು. ಇಡೀ ಸಭೆ ಗೊಳ್ಳೆಂದಿತು. ಆ ರಾಜ ಈಗ ಸಾಗರದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾನೆ, ಸಿಕ್ಕಾಗೆಲ್ಲ ಇವತ್ತಿಗೂ ಬೈಯುತ್ತಾನೆ.

ಸರ್ ಬೈಯಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದ ನನ್ನ ಪಕ್ಕ ಕೂತರು. "ಮಾತಿಲ್ಲ ಅಂದ್ರೆ ಕೆಲಸ ಇಲ್ಲ ಅಂದ್ಕೊಂಡ್ಯಾ ಮಾರಾಯಾ? ರಾಜನ ಮಾತು ಕೇಳೋದೇ ನಿನ್ನ ಕೆಲಸ ಆಗಿತ್ತು" ಅಂದರು.

ಆಮೇಲೆ ಬಸ್ಸು ಹತ್ತಿ ಹೆಗ್ಗೋಡಿಗೆ ಹೋಗುವ ಚಟ ಹತ್ತಿತು. 1949ರಲ್ಲಿ ಹಳ್ಳಿಯವರೇ ಕಟ್ಟಿಕೊಂಡ ಸಂಘ ನೀನಾಸಂ. 1980ರಲ್ಲಿ ರಂಗಶಾಲೆ ಶುರುವಾಯಿತು, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ 'ತಿರುಗಾಟ'. ತಿರುಗಾಟದ ನಾಟಕಗಳಲ್ಲಿ ನಾನು ಮಾತಾಡುವವರನ್ನು ಬಿಟ್ಟು ಪಕ್ಕದಲ್ಲಿ ನಿಂತವರನ್ನೇ ನೋಡುತ್ತಿದ್ದೆ. ಸಿನಿಮಾದಲ್ಲೂ ಅದೇ ಅಭ್ಯಾಸ ಉಳಿಯಿತು.

ಹಾಗಾಗಿಯೇ ನಟ ಅಚ್ಯುತ್ ಕುಮಾರ್ ನನಗೆ ಜಾಸ್ತಿ ಇಷ್ಟ. ತಿಪಟೂರಿನವರು, ಕಲಿತದ್ದು ಇದೇ ನೀನಾಸಂನಲ್ಲಿ. ನಾಟಕದಿಂದ ಧಾರಾವಾಹಿ, ಅಲ್ಲಿಂದ ಸಿನಿಮಾ. 2013ರ 'ಲೂಸಿಯಾ'ದಲ್ಲಿ ಟಾಕೀಸಿನ ಶಂಕ್ರಣ್ಣ, 2018ರ 'ಕೆಜಿಎಫ್'ನಲ್ಲಿ ರಾಜಕಾರಣಿ. ಹೀರೋ ಆಗಲಿಲ್ಲ ಅಂತ ಕೆಲವರು ಮರುಗುತ್ತಾರೆ. ನನಗೇನೂ ಹಾಗನ್ನಿಸಿಲ್ಲ.

2022ರಲ್ಲಿ 'ಕಾಂತಾರ'ವನ್ನು ಶಿವಮೊಗ್ಗದಲ್ಲಿ ಮಗಳ ಜೊತೆ ನೋಡಿದೆ. ಅಲ್ಲಿ ಅವರು ಊರ ಧಣಿ. ಎದುರಿನವನ ಮಾತನ್ನು ಅಷ್ಟು ಅಕ್ಕರೆಯಿಂದ ಕೇಳಿಸಿಕೊಳ್ಳುತ್ತಾರಲ್ಲ, ನನಗೆ ಆಗಲೇ ಹೊಟ್ಟೆಯೊಳಗೆ ಅಳುಕು ಹುಟ್ಟಿತು. "ಅಪ್ಪಾ, ಇವನೇ ಒಳ್ಳೆಯವನು ಅಲ್ವಾ?" ಅಂದಳು ಮಗಳು. ಸುಮ್ನೆ ನೋಡು ಅಂದೆ.

ಸಂಚಿಕೆಗೆ ಫೋಟೊ ಕೇಳಿದ್ದೀರಿ. ನಾಟಕ ಮುಗಿದ ಮೇಲೆ ತೆಗೆದದ್ದು ಒಂದು ಇದೆ. ಎಡಗಡೆ ತುದಿಯಲ್ಲಿ ಬರೀ ಬಿದಿರು ಹಿಡಿದು ನಿಂತವನು ನಾನು.