ಹಾವಿನೂರಿನ ಜಾಡಿಯಲ್ಲಿ ಒಂದು ಕೆಂಬೂತ

ವಿಯೆಟ್ನಾಂಗೆ ಹೋಗಿ ಬಂದೆ ಅಂದರೆ ಸಾಕು, ಹಾ ಲಾಂಗ್ ಕೊಲ್ಲಿ ಹೇಗಿತ್ತು ಅಂತ ಯಾರೂ ಕೇಳಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: ಹಾವಿನ ಸಾರಾಯಿ ಕುಡಿದ್ಯಾ? ಕುಡಿದೆ. ಒಂದೇ ಗುಟುಕು.

ನನ್ನ ಭಾವ ಹನೋಯ್‌ನಲ್ಲಿ ಕೆಲಸದಲ್ಲಿದ್ದಾರೆ. ಭಾನುವಾರ ಬೆಳಿಗ್ಗೆ ಸ್ಕೂಟರ್ ತೆಗೆದು, "ಬಾ, ಲೇ ಮಾತ್ ತೋರಿಸ್ತೀನಿ, ಹಾವಿನ ಊರು" ಅಂದರು. ಕೆಂಪು ನದಿ ದಾಟಿದರೆ ಏಳೆಂಟು ಕಿಲೋಮೀಟರ್ ಅಷ್ಟೇ. ದಾಟಿದ್ದು 1902ರಲ್ಲಿ ಫ್ರೆಂಚರು ಕಟ್ಟಿ ಮುಗಿಸಿದ ಲಾಂಗ್ ಬಿಯೆನ್ ಸೇತುವೆ ಮೇಲೆ. ನಡುವೆ ರೈಲು ಹಳಿ, ಆಚೀಚೆ ಬೈಕು ಸೈಕಲ್ಲು. ಒಂದು ಮಜಾ ಹೇಳ್ತೀನಿ, ಇಡೀ ದೇಶದಲ್ಲಿ ಗಾಡಿ ಬಲಕ್ಕೆ ಓಡಿಸುವವರು ಈ ಸೇತುವೆ ಮೇಲೆ ಮಾತ್ರ ನಮ್ಮ ಹಾಗೆ ಎಡಕ್ಕೆ ಓಡಿಸುತ್ತಾರೆ. ಹಳ್ಳಿ ಅಂದುಕೊಂಡಿದ್ದೆ, ನೋಡಿದರೆ ಪೇಟೆಯೇ ಅದನ್ನು ನುಂಗಿಬಿಟ್ಟಿದೆ. ಗಲ್ಲಿಗಳಲ್ಲಿ ಹಾವಿನ ಹೋಟೆಲುಗಳು.

ಈ ಊರಿಗೂ ಹಾವಿಗೂ ಒಂದು ಕತೆ ಇದೆ. ಲೀ ರಾಜರ ಕಾಲದಲ್ಲಿ, ಅಂದರೆ ಸುಮಾರು ಸಾವಿರ ವರ್ಷದ ಹಿಂದೆ, ರಾಜಕುಮಾರಿಯೊಬ್ಬಳು ನದಿಯಲ್ಲಿ ಮುಳುಗಿ ಸತ್ತಳಂತೆ. ಲೇ ಮಾತ್‌ನ ಹುಡುಗನೊಬ್ಬ ನೀರಿನ ಹಾವಿನ ಜೊತೆ ಕಾದಾಡಿ ಹೆಣ ತಂದುಕೊಟ್ಟ. ರಾಜ ಚಿನ್ನ ಕೊಡುತ್ತೇನೆ ಅಂದರೆ ಬೇಡ, ನಮ್ಮೂರ ಬಡವರಿಗೆ ಉಳಲು ನೆಲ ಕೊಡಿ ಅಂದನಂತೆ. ಈಗಲೂ ಚಾಂದ್ರಮಾನದ ಮೂರನೇ ತಿಂಗಳ 23ಕ್ಕೆ ಅವನ ಹೆಸರಲ್ಲಿ ಜಾತ್ರೆ ಆಗುತ್ತದೆ.

ನಾವು ಹೋದ ಹೋಟೆಲಿನ ಗೋಡೆ ತುಂಬಾ ಗಾಜಿನ ಜಾಡಿಗಳು. ನಮ್ಮನೆ ಉಪ್ಪಿನಕಾಯಿ ಭರಣಿಗಿಂತ ದೊಡ್ಡವು, ಬಾಯಿಗೆ ಕೆಂಪು ಬಟ್ಟೆ ಬಿಗಿದಿತ್ತು. ಹತ್ತಿರ ಹೋಗಿ ನೋಡಿದೆ. ಹೆಡೆ ಬಿಚ್ಚಿದ ನಾಗರ, ಅದರ ಕೆಳಗೆ ಸುತ್ತಿಕೊಂಡ ಹಳದಿ ಕಪ್ಪು ಪಟ್ಟೆಯ ಕಟ್ಟುಹಾವು, ಜೊತೆಗೆ ನಮ್ಮ ಕೇರೆಯ ಸಂಬಂಧಿಯೊಂದು. ಮೂರೂ ಸೇರಿದರೆ 'ಮೂರು ಹಾವಿನ ಮದ್ಯ', ಐದು ಹಾಕಿದರೆ ಅದಕ್ಕೆ ಇನ್ನೂ ಜಾಸ್ತಿ ಮರ್ಯಾದೆ. ಸುತ್ತ ಬೇರು, ಸಣ್ಣ ಕೆಂಪು ಹಣ್ಣು, ತಳದಲ್ಲಿ ಬಿಳಿ ಚರಟ. ನಾಗರದ ಕಣ್ಣು ಬೆಂದ ಮೀನಿನ ಕಣ್ಣಿನ ಹಾಗೆ ಬೆಳ್ಳಗಾಗಿತ್ತು.

ಕಡುವಾದ ಅಕ್ಕಿ ಸಾರಾಯಿಯಲ್ಲಿ ತಿಂಗಳುಗಟ್ಟಲೆ ನೆನೆಸಿಡುತ್ತಾರೆ. ವಿಷದ ಗತಿ? ಹಾವಿನ ವಿಷ ಅಂದರೆ ಪ್ರೋಟೀನು, ಆಲ್ಕೋಹಾಲ್‌ನಲ್ಲಿ ಅಷ್ಟು ದಿನ ಕೂತರೆ ಅದರ ರಚನೆಯೇ ಕೆಟ್ಟುಹೋಗುತ್ತದೆ. ನಿಜವಾಗಿ ಹೆದರಬೇಕಾದ್ದು ಸಾರಾಯಿಗೆ. ಮನೆಯಲ್ಲಿ ಕಾಸಿದ್ದರಲ್ಲಿ ಮೆಥನಾಲ್ ಬೆರೆತಿದ್ದರೆ ಕಣ್ಣೋ ಜೀವವೋ ಹೋಗುತ್ತದೆ. 2017ರಲ್ಲಿ ಲಾಯ್ ಚೌ ಪ್ರಾಂತ್ಯದಲ್ಲಿ ಸಾವಿನ ಮನೆಯ ಊಟಕ್ಕೆ ಹೋದವರೇ ಹೀಗೆ ಸತ್ತಿದ್ದರು.

ಪಕ್ಕದ ಮೇಜಿಗೆ ಜೀವಂತ ಹಾವು ಬಂತು. ಕುಯ್ದು, ರಕ್ತ ಒಂದು ಲೋಟದ ಸಾರಾಯಿಗೆ, ಪಿತ್ತ ಇನ್ನೊಂದಕ್ಕೆ. ಒಂದು ಕೆಂಪು, ಒಂದು ಪಾಚಿ ಹಸಿರು. "ಮೋತ್, ಹಾಯ್, ಬಾ, ಝೋ!" (ಒಂದು, ಎರಡು, ಮೂರು, ಏರಿಸಿ!) ಅಂತ ಕೂಗಿ ಲೋಟ ಎತ್ತಿದರು. ನಾನು ಗೋಡೆ ಕಡೆ ತಿರುಗಿಕೊಂಡೆ. ಕೋಳಿ ತಿನ್ನುವವನಿಗೆ ಇದೇನು ನಾಟಕ ಅಂತ ನೀವು ಕೇಳಬಹುದು, ಉತ್ತರ ನನ್ನ ಹತ್ತಿರ ಇಲ್ಲ, ಹೊಟ್ಟೆ ತೊಳೆಸಿದ್ದಂತೂ ನಿಜ.

ಹಾಗೆ ತಿರುಗಿದಾಗಲೇ ಅದು ಕಂಡಿದ್ದು. ಮೂಲೆಯ ಜಾಡಿಯಲ್ಲಿ ಹಾವಿಲ್ಲ, ಹಕ್ಕಿ ಇದೆ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ. ಅರೆ, ಕೆಂಬೂತ! ನಮ್ಮ ತೋಟದ ಬೇಲಿಯಲ್ಲಿ ಊಪ್ ಊಪ್ ಅಂತ ಕೂಗಿಕೊಂಡು ಓಡಾಡುವ ಸಂಬಾರಗಾಗೆ. ಬೆಳಿಗ್ಗೆ ಎದ್ದು ಕಂಡರೆ ಒಳ್ಳೆಯದು, ಅದು ರತ್ನಪಕ್ಷಿ ಅಂತ ಅಜ್ಜಿ ಕೈ ಮುಗಿಯುತ್ತಿದ್ದಳು. ಇಲ್ಲಿ ಅದರ ಹೆಸರು ಬಿಮ್ ಬಿಪ್, ಕೂಗಿನಿಂದಲೇ ಬಂದಿದ್ದು.

"ಇದ್ಯಾಕೆ ಹಾಕಿದ್ದಾರೆ ಭಾವ?"

ಭಾವ ಮಾಲೀಕನನ್ನು ಕೇಳಿದರು. ಅವನು ತನ್ನ ಮೊಣಕಾಲು ತಟ್ಟಿ ತೋರಿಸಿ ಉದ್ದಕ್ಕೆ ಏನೋ ಹೇಳಿದ. ಮೂಳೆ, ಕೀಲು ನೋವಿಗೆ ಇದೇ ಮದ್ದಂತೆ. ಮರಿಯ ಕಾಲು ಮುರಿದರೆ ತಾಯಿಹಕ್ಕಿ ಅದೆಲ್ಲಿಂದಲೋ ಒಂದು ಸೊಪ್ಪು ತಂದು ವಾಸಿ ಮಾಡುತ್ತದೆ ಅನ್ನೋದು ಅವರ ನಂಬಿಕೆ. ಅದಕ್ಕೇ ಹಿಂದೆ ಬೇಕಂತಲೇ ಗೂಡಿನ ಮರಿಯ ಕಾಲು ಮುರಿದು, ತಾಯಿ ವಾಸಿ ಮಾಡುವವರೆಗೆ ಕಾದು, ಆಮೇಲೆ ಮರಿಯನ್ನು ಸಾರಾಯಿಗೆ ಹಾಕುತ್ತಿದ್ದರಂತೆ.

ನನಗೆ ಮಾತೇ ಹೊರಡಲಿಲ್ಲ. ಯಾಕಂದರೆ ನಮ್ಮಜ್ಜಿ ಹೇಳುತ್ತಿದ್ದುದೂ ಹೆಚ್ಚುಕಮ್ಮಿ ಇದೇ. ಸಂಬಾರಗಾಗೆ ಗೂಡಿನಲ್ಲಿ ಸಂಜೀವಿನಿ ಕಡ್ಡಿ ಇರುತ್ತದೆ, ಹೊಳೆಗೆ ಹಾಕಿದರೆ ನೀರಿಗೆ ಎದುರಾಗಿ ಹೋಗುತ್ತದೆ, ಸಿಕ್ಕಿದವನ ಪುಣ್ಯ. ಅದನ್ನು ಹುಡುಕಲು ಬಿದಿರು ಮೆಳೆಗೆ ನುಗ್ಗಿ ಮೈಯೆಲ್ಲ ಗೀರಿಸಿಕೊಂಡು, ಅಪ್ಪನ ಕೈಲಿ ಏಟು ತಿಂದಿದ್ದೆ. ಇಷ್ಟು ದೂರದ ಊರಿನಲ್ಲಿ, ಅದೇ ಹಕ್ಕಿ, ಹೆಚ್ಚುಕಮ್ಮಿ ಅದೇ ಕತೆ! ನಮ್ಮವರು ಕಡ್ಡಿ ಹುಡುಕಿದರು, ಇವರು ಹಕ್ಕಿಯನ್ನೇ ಹಿಡಿದರು.

ಕೊನೆಗೆ ಮರ್ಯಾದೆಗೆ ಹಾವಿನದೇ ಒಂದು ಗುಟುಕು ಕುಡಿದೆ. ಮೊದಲು ಗಂಟಲು ಸುಟ್ಟಿತು, ಆಮೇಲೆ ಕಷಾಯದ ಕಹಿ, ಎಲ್ಲಕ್ಕಿಂತ ಕೊನೆಗೆ, ನುಂಗಿ ಸ್ವಲ್ಪ ಹೊತ್ತಾದಮೇಲೆ, ಮೂಗಿನ ಹಿಂದೆ ಹಸಿ ಮೀನಿನ ವಾಸನೆ. ಕೆಂಬೂತದ್ದನ್ನು ಮುಟ್ಟಲಿಲ್ಲ. ಭಾವನಿಗೆ ಎರಡು ವರ್ಷದಿಂದ ಮಂಡಿ ನೋವು, ಅವರು ಎರಡು ಕಪ್ ಏರಿಸಿದರು. ವಾಪಸ್ ಸ್ಕೂಟರ್ ಅಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಬಂದೆವು.

ಹನೋಯ್‌ನ ಹಳೇ ಪೇಟೆಯಲ್ಲಿ ಬಾಯಲ್ಲಿ ಚೇಳು ಕಚ್ಚಿಕೊಂಡ ನಾಗರದ ಪುಟ್ಟ ಬಾಟಲಿಗಳು ಸಿಗುತ್ತವೆ. ಅದು ಸುಮ್ನೆ ಪ್ರವಾಸಿಗರಿಗೆ ಅಂತ ಜೋಡಿಸಿದ್ದು. ತರಬೇಡಿ. ನಾಗರ ಹಾವು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ.

ಮಾರನೇ ದಿನ ಬೆಳಿಗ್ಗೆ ಭಾವ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ಮಂಡಿ ಹೇಗಿದೆ ಭಾವ?"

"ಅದು ಹಾಗೇ ಇದೆ ಕಣೋ. ಈಗ ತಲೆಯೂ ನೋಯ್ತಿದೆ. ಕಾಫಿ ಮಾಡು, ನಿಮ್ಮಕ್ಕನಿಗೆ ಹೇಳಬೇಡ."