ಊರ ಸಂಗ್ರಹಾಲಯಕ್ಕೆ ಕೋಣೆಗಿಂತ ಮೊದಲು ದಾಖಲೆ ಪುಸ್ತಕ

ಹೊಸಕೋಟೆ, ಆನೇಕಲ್, ದೇವನಹಳ್ಳಿ ಕಡೆ ಹಳೇ ಮನೆ ಕೆಡವಿದ ದಿನವೇ ಕೂರಿಗೆ, ಕೊಳಗ, ಒನಕೆ ಗುಜರಿ ಗಾಡಿ ಹತ್ತುತ್ತವೆ. ಅವನ್ನು ಉಳಿಸಲು ಊರಿನವರು ಕೂಡಿದಾಗ ಮೊದಲ ಮಾತು ಜಾಗದ್ದೇ. ಆದರೆ ಈ ಕೆಲಸದಲ್ಲಿ ಮೊದಲು ಬೇಕಾದ್ದು ಗಟ್ಟಿ ರಟ್ಟಿನ ಒಂದು ದಾಖಲೆ ಪುಸ್ತಕ. ಕೋಣೆ ಆರು ತಿಂಗಳು ತಡವಾದರೂ ನಡೆಯುತ್ತದೆ. ಯಾರ ಮನೆಯದು, ಯಾತಕ್ಕೆ ಬಳಸಿದರು ಎಂಬುದು ತಪ್ಪಿಹೋದರೆ ಕೂರಿಗೆ ಬರೀ ಮರದ ತುಂಡು.

ವಸ್ತು ಬಂದ ದಿನವೇ ಸಂಖ್ಯೆ ಕೊಡಿ. 2025.4.2 ಎಂದರೆ ಆ ವರ್ಷ ನಾಲ್ಕನೆಯವರು ಕೊಟ್ಟ ಎರಡನೇ ವಸ್ತು. ಎದುರಿಗೆ ಊರಲ್ಲಿ ಕರೆಯುವ ಹೆಸರು, ಬಳಸಿದವರು, ಬಳಕೆ ನಿಂತ ಕಾಲ, ಅಳತೆ, ಎಲ್ಲಿ ಸೀಳಿದೆ ಎಂಬುದು ಬರಲಿ. ಸೇರು, ಪಾವುಗಳಿಗೆ ಎತ್ತರ, ಅಗಲ ಸಾಲದು. ರಾಗಿ ತುಂಬಿ, ಅಳತೆ ಜಾಡಿಗೆ ಸುರಿದು ಮಿಲಿಲೀಟರ್ ಲೆಕ್ಕ ಬರೆಯಿರಿ. ಪುಸ್ತಕದ ಒಂದು ಫೋಟೊ ಪ್ರತಿ ಬೇರೆ ಮನೆಯಲ್ಲಿರಲಿ.

ಕೊಟ್ಟವರಿಂದ ಸಹಿ ಬೇಕು: ದಾನವೋ, ಎರವಲೋ. ಬಾಯಿಮಾತಲ್ಲಿ ಇಸಿದುಕೊಂಡದ್ದನ್ನು ಮುಂದೆ ಮೊಮ್ಮಕ್ಕಳು ಬಂದು ಕೇಳಿದಾಗ ಉತ್ತರವಿರುವುದಿಲ್ಲ. ಎರವಲಾದರೆ ಒಂದು ವರ್ಷದ ಗಡುವು ಹಾಕಿ.

ಸಂಖ್ಯೆಯನ್ನು ಸ್ಟಿಕರ್‌ನಲ್ಲಿ ಅಂಟಿಸಬೇಡಿ. ಅಂಟು ಒಣಗಿ ಚೀಟಿ ಉದುರುತ್ತದೆ, ಕಲೆ ಉಳಿಯುತ್ತದೆ. ಮರ, ಲೋಹಕ್ಕೆ ಅಸಿಟೋನ್‌ನಲ್ಲಿ ಕರಗಿಸಿದ ಸುಮಾರು 20% ಪ್ಯಾರಾಲಾಯ್ಡ್ ಬಿ-72 ಎಂಬ ಪಾರದರ್ಶಕ ಅಕ್ರಿಲಿಕ್ ರಾಳದ ತೆಳು ಪಟ್ಟಿ ಎಳೆದು, ಒಣಗಿದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಬರೆಯಿರಿ. ಬೇಕಾದಾಗ ಅಸಿಟೋನ್‌ನಿಂದಲೇ ತೆಗೆಯಬಹುದು. ಬಟ್ಟೆಗೆ ಹತ್ತಿ ಪಟ್ಟಿ ಹೊಲಿದರೆ ಸಾಕು.

ಹೆಚ್ಚು ಹಾನಿ ಆಗುವುದು ಪ್ರೀತಿಯಿಂದ ತೊಳೆಯುವಾಗ. ತಾಮ್ರ, ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಹಳೇ ಮೈಬಣ್ಣ ಹೋಗುವುದಲ್ಲದೆ, ಕಂಠದ ಮೇಲೆ ಕೊರೆಸಿದ ಹೆಸರು, ಇಸವಿ ಸವೆಯುತ್ತದೆ. ಪಾತ್ರೆಯ ಚರಿತ್ರೆ ಇರುವುದೇ ಆ ಅಕ್ಷರಗಳಲ್ಲಿ. ನೇಗಿಲಿಗೆ ವಾರ್ನಿಷ್ ಬೇಡ, ಎಣ್ಣೆಯೂ ಬೇಡ. ಎಣ್ಣೆಗೆ ಧೂಳು ಕಚ್ಚುತ್ತದೆ. ಕೈ ಹಿಡಿದು ಸವೆದ ಮೇಣಿ ಹಾಗೇ ಕಾಣಬೇಕು. ಮೆತ್ತನೆ ಬ್ರಷ್ ಸಾಕು.

ಮರದ್ದೇನೇ ಬಂದರೂ ನೇರ ಒಳಗಿಡಬೇಡಿ. ಕಪ್ಪು ಕಾಗದದ ಮೇಲೆ ಕೆಲವು ವಾರ ಬೇರೆ ಇಡಿ. ಕುಟ್ಟೆ ಹುಳು ಇದ್ದರೆ ಹೊಸ ಪುಡಿ ಬೀಳುತ್ತದೆ. ಮೊರ, ಬುಟ್ಟಿಯಂಥ ಸಣ್ಣವನ್ನು ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಕಟ್ಟಿ, ಡೀಪ್ ಫ್ರೀಜರ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಹುಳು ಸಾಯುತ್ತದೆ. ಹೊರತೆಗೆದು ಒಂದು ದಿನ ಕಟ್ಟು ಬಿಚ್ಚಬೇಡಿ, ತಣ್ಣನೆ ಮೈಮೇಲೆ ನೀರು ಕೂರುತ್ತದೆ. ಗೋಡೆಗೆ ತಾಗಿಸಿಡಬಾರದು, ಗೆದ್ದಲಿನ ಮಣ್ಣುದಾರಿ ಕಣ್ಣಿಗೆ ಬೀಳಬೇಕು. ಸೀರೆ, ಕಡತಗಳ ಮೇಲೆ 50 ಲಕ್ಸ್ (ಬೆಳಕಿನ ಅಳತೆ) ಮೀರಿದ ಬೆಳಕು ಬೇಡ. ಹಳೇ ಮನೆಯೇ ಸಂಗ್ರಹಾಲಯವಾದರೆ ಗಾಜಿನ ಹೆಂಚನ್ನು ಮೊದಲು ಮುಚ್ಚಿ.

ವೀರಗಲ್ಲು, ಶಾಸನ ಕಂಡರೆ ಕಿತ್ತು ತರುವ ಆಸೆ ಬರುತ್ತದೆ. ತರಬೇಡಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಸುಮಾರು 890ರ ಕಲ್ಲು ಬೆಂಗಳೂರು ಕಾಳಗವನ್ನು ಹೇಳುವುದು ಆ ನೆಲದಲ್ಲಿ ನಿಂತೇ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಕಲನದ 1905ರ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ನಿಮ್ಮೂರ ಕಲ್ಲು ಅಲ್ಲಿದೆಯೇ ನೋಡಿ, ಫೋಟೊ ಮತ್ತು ಶಾಸನದ ಬರಹದ ಪ್ರತಿ ಮಾತ್ರ ಸಂಗ್ರಹಾಲಯಕ್ಕೆ ತನ್ನಿ. 100 ವರ್ಷ ದಾಟಿದ ಶಿಲ್ಪ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪ್ರಾಚೀನ ವಸ್ತುಗಳ ಕಾಯ್ದೆಗೆ ಒಳಪಡುತ್ತವೆ. ಒಪ್ಪಿಕೊಳ್ಳುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ದಿನವೂ ತೆರೆಯುತ್ತೇವೆಂದು ಬೋರ್ಡು ಹಾಕಬೇಡಿ. ಭಾನುವಾರ 10ರಿಂದ 1, ಇಬ್ಬಿಬ್ಬರು, ಒಟ್ಟು ಎಂಟು ಜನ: ಒಬ್ಬರಿಗೆ ತಿಂಗಳಿಗೊಂದೇ ಸರದಿ ಬರುತ್ತದೆ. ಬೀಗದ ಕೈ ಎರಡು ಮನೆಯಲ್ಲಿರಲಿ.